ತಾಪ ಮತ್ತು ಸ್ಮೃತಿ

(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಮುಖ್ಯಾಧ್ಯಾಪಕಿಯವರು ನೀಡಿದ ಉಪನ್ಯಾಸದ ಪಠ್ಯ)



ನಮ್ಮ ಶಾಲೆಯ ನೂರು ವರ್ಷಗಳ ಜನರಲ್ ರಜಿಸ್ಟರುಗಳ ಪುಟಪುಟವನ್ನೂ ಚಿತ್ರವಾಗಿ ತೆಗೆದು ಗಣಕಯಂತ್ರದಲ್ಲಿ ಇರಿಸಬೇಕೆಂದು ಶತಮಾನೋತ್ಸವ ಸಮಿತಿ ನಿರ್ಧರಿಸಿದ ದಿನ, ಸಭೆಯಲ್ಲಿದ್ದ ಹಿರಿಯ ಗುರುಗಳೊಬ್ಬರು ಒಂದು ಪ್ರಶ್ನೆ ಕೇಳಿದರು: "ಬಾಯಿಯವರೇ, ಕಾಗದಾನ ಗೆದ್ದಲು ತಿಂತದ, ಖರೆ. ಆ ಯಂತ್ರದ ನೆನಪನ್ನ ಏನು ತಿಂತದ?" ಸಭೆ ನಕ್ಕಿತು. ಆದರೆ ಪ್ರಶ್ನೆ ನಗುವಂಥದಾಗಿರಲಿಲ್ಲ. ಆ ರಜಿಸ್ಟರಿನ ಒಂದು ಸಾಲನ್ನು ನೋಡಿ ತಮ್ಮ ಅಜ್ಜನ ಜನ್ಮದಿನಾಂಕವನ್ನು ಬರೆದುಕೊಳ್ಳಲು ಇಂದಿಗೂ ದೂರದ ಊರುಗಳಿಂದ ಜನ ಬರುತ್ತಾರೆ. ಯಂತ್ರದ ನೆನಪಿಗೂ ಗೆದ್ದಲುಗಳಿವೆ. ಅವುಗಳಲ್ಲಿ ಪ್ರಬಲವಾದುದು ತಾಪ. ಈ ಒಂದು ಗೆದ್ದಲಿನ ಬಗೆಗೆ, ಅದರಲ್ಲಿಯೂ ಒಂದು ವಿಶೇಷ ಜಾತಿಯ ಸ್ಮೃತಿದ್ರವ್ಯದ ಮೇಲೆ ಅದು ನಡೆಸುವ ವ್ಯಾಪಾರದ ಬಗೆಗೆ ಇಂದು ಮಾತನಾಡುತ್ತೇನೆ.

ನಾನು ಓದಿದ್ದು ಕನ್ನಡ ಎಂ.ಎ.; ಭೌತಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಸಾಹಿತ್ಯವನ್ನು ಬಿಟ್ಟು ಇದನ್ನೇ ಆಯ್ದುಕೊಳ್ಳಲು ಕಾರಣವುಂಟು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ ಮಕ್ಕಳ ದಾಖಲೆಯನ್ನು ಕೇಳಿಕೊಂಡು ಬರುವ ಪಾಲಕರು, ಮುಂದಿನ ವಿಜ್ಞಾನ ಕನ್ನಡದಲ್ಲಿ ನಡೆಯುವುದಿಲ್ಲವಲ್ಲ ಎನ್ನುತ್ತಾರೆ. ಅವರೊಡನೆ ವಾದಿಸುವುದಕ್ಕಿಂತ, ಇಂದಿಗೂ ಸಂಶೋಧನೆ ನಡೆಯುತ್ತಿರುವ ಒಂದು ವಿಷಯವನ್ನು, ಅಳಗುಳಿಮಣೆ ಆಡಿದ ಯಾರಿಗಾದರೂ ತಿಳಿಯುವಂತೆ ಕನ್ನಡದಲ್ಲಿ ಹೇಳಿ ತೋರಿಸುವುದು ಮೇಲೆಂದು ನನಗೆ ತೋರಿತು.

ಗಣಕಯಂತ್ರ ಬಲ್ಲುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳನ್ನು. ಅವನ್ನು ಎಲ್ಲಿ ಬರೆದಿಡಬೇಕು? ನಮ್ಮ ಕಚೇರಿಯ ಯಂತ್ರ ಕೆಲಸ ಮಾಡುತ್ತಿರುವಾಗ ಬಳಸುವ ಮೆಮೊರಿಯಲ್ಲಿ ಒಂದೊಂದು ಅಂಕಿಯೂ ಒಂದು ಪುಟ್ಟ ಧಾರಕದೊಳಗಿನ ವಿದ್ಯುದಾವೇಶ. ಈ ಧಾರಕ ಸೋರುವ ಕೊಡ. ಸೆಕೆಂಡಿಗೆ ಸುಮಾರು ಹದಿನೈದು ಸಲ ಅದನ್ನು ಮತ್ತೆ ಮತ್ತೆ ತುಂಬುತ್ತಿರಬೇಕು. ಕರೆಂಟು ಹೋದೊಡನೆ ಎಲ್ಲವೂ ಬರಿದು. ಪೆನ್‌ಡ್ರೈವಿನಲ್ಲಿ ಹಾಗಲ್ಲ. ಅಲ್ಲಿ ಎಲೆಕ್ಟ್ರಾನುಗಳನ್ನು ನಿರೋಧಕದ ಗೋಡೆಗಳ ನಡುವೆ ಕೂಡಿಹಾಕಿರುತ್ತಾರೆ. ಕರೆಂಟು ಹೋದರೂ ಅವು ಉಳಿಯುತ್ತವೆ, ಆದರೆ ಪ್ರತಿಸಲ ಬರೆಯುವಾಗಲೂ ಆ ಗೋಡೆ ಅಷ್ಟಷ್ಟೇ ಸವೆಯುತ್ತದೆ. ಇವೆರಡಕ್ಕಿಂತ ಬೇರೆಯಾದ ಮೂರನೆಯ ಬಗೆಯೊಂದಿದೆ. ಅದರಲ್ಲಿ ಆವೇಶವನ್ನು ತುಂಬುವುದೂ ಇಲ್ಲ, ಕೂಡಿಹಾಕುವುದೂ ಇಲ್ಲ. ಹರಳಿನೊಳಗಿನ ಪರಮಾಣು ಎಲ್ಲಿ ಕುಳಿತಿದೆ ಎಂಬುದೇ ಅಲ್ಲಿ ನೆನಪು. ಇಂಥ ಹರಳುಗಳನ್ನು ಫೆರೋಎಲೆಕ್ಟ್ರಿಕ್ ವಸ್ತುಗಳೆನ್ನುತ್ತಾರೆ. ಫೆರೋ ಎಂದರೆ ಕಬ್ಬಿಣ. ಈ ವಸ್ತುಗಳಲ್ಲಿ ಸಾಮಾನ್ಯವಾಗಿ ಕಬ್ಬಿಣವಿರುವುದಿಲ್ಲ. ಕಬ್ಬಿಣ ಅಯಸ್ಕಾಂತವಾಗುವ ರೀತಿಗೂ ಇವು ವಿದ್ಯುತ್ತಿನಲ್ಲಿ ನಡೆದುಕೊಳ್ಳುವ ರೀತಿಗೂ ಹೋಲಿಕೆಯಿದ್ದುದರಿಂದ ಹೆಸರು ಅಂಟಿಕೊಂಡಿತು. ಕನ್ನಡದವರು ಮೊದಲು ಹೆಸರಿಟ್ಟಿದ್ದರೆ ಇದಕ್ಕಿಂತ ಸರಿಯಾದುದನ್ನು ಇಡುತ್ತಿದ್ದರೆಂಬ ಹೆಮ್ಮೆ ನನಗಿದೆಯಾದರೂ, ಲೋಕರೂಢಿಯನ್ನೇ ಅನುಸರಿಸುತ್ತೇನೆ.

ಬೇರಿಯಂ ಟೈಟನೇಟ್ ಎಂಬ ಹರಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಒಂದು ಘನಾಕಾರದ ಪೆಟ್ಟಿಗೆ. ಎಂಟು ಮೂಲೆಗಳಲ್ಲಿ ಬೇರಿಯಂ, ಆರು ಮುಖಗಳ ನಡುವೆ ಆಮ್ಲಜನಕ, ಒಳಗೆ ಮಧ್ಯದಲ್ಲಿ ಟೈಟೇನಿಯಂ. ಬಹಳ ಕಾವಿನಲ್ಲಿ ಟೈಟೇನಿಯಂ ನಟ್ಟನಡುವೆ ಇರುತ್ತದೆ. ಹರಳು ತಣಿದು ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಂದೊಡನೆ ಅದು ನಡುವನ್ನು ಬಿಟ್ಟು ಒಂದು ಪಕ್ಕಕ್ಕೆ ಸರಿಯುತ್ತದೆ. ಸರಿಯುವ ದೂರ ಮಿಲಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗದ ಆಸುಪಾಸು. ಅಷ್ಟರಿಂದಲೇ ಪೆಟ್ಟಿಗೆಯ ಒಂದು ಬದಿ ಧನ, ಇನ್ನೊಂದು ಬದಿ ಋಣವಾಗುತ್ತದೆ. ಇದನ್ನು ಧ್ರುವೀಕರಣ ಎನ್ನುತ್ತೇವೆ. ಮೇಲಕ್ಕೆ ಸರಿದರೆ ಒಂದು, ಕೆಳಕ್ಕೆ ಸರಿದರೆ ಸೊನ್ನೆ ಎಂದಿಟ್ಟುಕೊಳ್ಳಿ. ಹೊರಗಿನಿಂದ ವಿದ್ಯುತ್ ಕ್ಷೇತ್ರವನ್ನು ಒಡ್ಡಿ ಅದನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ದೂಡಬಹುದು. ದೂಡಿದ ಕೈಯನ್ನು ತೆಗೆದ ಮೇಲೂ ಅದು ಇಟ್ಟಲ್ಲಿಯೇ ಇರುತ್ತದೆ. ನೆನಪೆಂದರೆ ಇದೇ.

ಈಗ ಅಳಗುಳಿಮಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಕ್ಕಪಕ್ಕದ ಎರಡು ಗುಳಿಗಳು, ನಡುವೆ ಒಂದು ದಿಬ್ಬ, ಒಂದು ಗುಳಿಯಲ್ಲಿ ಹುಣಸೆಬೀಜ. ಬೀಜ ಎಡಗಡೆ ಇದ್ದರೆ ಸೊನ್ನೆ, ಬಲಗಡೆ ಇದ್ದರೆ ಒಂದು. ಬೆರಳಿನಿಂದ ದೂಡಿದರೆ ಬೀಜ ದಿಬ್ಬವನ್ನು ಹತ್ತಿ ಆಚೆಗೆ ಬೀಳುತ್ತದೆ. ಅದು ಬರೆಯುವ ಕ್ರಿಯೆ. ತಾಪವೆಂದರೆ ಮಣೆಯನ್ನು ಯಾರೋ ಎಡೆಬಿಡದೆ ಅಲುಗಾಡಿಸುತ್ತಿರುವುದು. ಮೆಲ್ಲಗೆ ಅಲುಗಿದರೆ ಬೀಜ ಗುಳಿಯೊಳಗೇ ಕುಣಿಯುತ್ತಿರುತ್ತದೆ. ಜೋರಾದರೆ ಒಮ್ಮೊಮ್ಮೆ ಹಾರಿ ಆಚೆಗೆ ಬೀಳುತ್ತದೆ; ಯಾರೂ ಬರೆಯದೆಯೇ ಒಂದು ಸೊನ್ನೆಯಾಗುತ್ತದೆ. ಇಷ್ಟೇ ಆಗಿದ್ದರೆ ಕಥೆ ಸರಳವಾಗಿತ್ತು. ಈ ಹರಳುಗಳ ವೈಚಿತ್ರ್ಯವೇನೆಂದರೆ, ಕಾವು ಏರಿದಂತೆ ಅಲುಗಾಟ ಹೆಚ್ಚುವುದಲ್ಲದೆ ನಡುವಿನ ದಿಬ್ಬವೂ ತಗ್ಗುತ್ತಾ, ಗುಳಿಗಳು ಒಂದಕ್ಕೊಂದು ಹತ್ತಿರವಾಗುತ್ತಾ ಬರುತ್ತವೆ. ಒಂದು ನಿರ್ದಿಷ್ಟ ತಾಪದಲ್ಲಿ ದಿಬ್ಬ ಇಲ್ಲವಾಗಿ ಎರಡು ಗುಳಿಗಳು ಒಂದೇ ಗುಳಿಯಾಗುತ್ತವೆ. ಆಗ ಬೀಜಕ್ಕೆ ಎಡವೂ ಇಲ್ಲ, ಬಲವೂ ಇಲ್ಲ. ಆ ತಾಪಕ್ಕೆ ಕ್ಯೂರಿ ಬಿಂದು ಎಂದು ಹೆಸರು. ಕಾಯಿಸಿದ ಅಯಸ್ಕಾಂತಗಳು ತಮ್ಮ ಶಕ್ತಿಯನ್ನು ಕಳೆದುಕೊಳ್ಳುವುದನ್ನು 1895ರಲ್ಲಿ ವಿವರವಾಗಿ ಅಳೆದ ಪಿಯರ್ ಕ್ಯೂರಿಯವರ ಹೆಸರದು. ಕ್ಯೂರಿ ಬಿಂದುವನ್ನು ದಾಟಿ ಕಾದ ಹರಳನ್ನು ಮತ್ತೆ ತಣಿಸಿದರೆ ಗುಳಿಗಳು ಮತ್ತೆ ಮೂಡುತ್ತವೆ. ಬೀಜ ಮೊದಲು ಎಲ್ಲಿತ್ತೆಂಬುದು ಮಾತ್ರ ಮರಳಿ ಬರುವುದಿಲ್ಲ.

ಒಂದು ತಿದ್ದುಪಡಿಯನ್ನು ಇಲ್ಲಿಯೇ ಸೇರಿಸಬೇಕು. ಹರಳಿನಲ್ಲಿ ಬೀಜಗಳು ಒಂಟಿಯಾಗಿರುವುದಿಲ್ಲ. ಗಾಳಿಗೆ ಜೋಳದ ಹೊಲದ ತೆನೆಗಳೆಲ್ಲ ಒಂದೇ ಕಡೆಗೆ ಬಾಗುವಂತೆ ಅಕ್ಕಪಕ್ಕದ ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡು ಒಂದೇ ದಿಕ್ಕಿಗೆ ಸರಿದಿರುತ್ತವೆ. ಈ ಒಕ್ಕಟ್ಟಿನಿಂದಲೇ ನೆನಪು ಬಾಳುತ್ತದೆ. ಕಾವು ಕೆಡಿಸುವುದು ಮೊದಲು ಈ ಒಕ್ಕಟ್ಟನ್ನು.

ಈ ಗುಣ ಮೊದಲು ಕಂಡದ್ದು ಬೇರಿಯಂ ಟೈಟನೇಟಿನಲ್ಲಲ್ಲ. ಫ್ರಾನ್ಸಿನ ಲಾ ರೋಷೆಲ್ ಪಟ್ಟಣದ ಔಷಧ ವ್ಯಾಪಾರಿಯೊಬ್ಬರು ಹದಿನೇಳನೆಯ ಶತಮಾನದಲ್ಲಿ ವಿರೇಚಕವಾಗಿ ತಯಾರಿಸಿದ ರೋಷೆಲ್ ಉಪ್ಪಿನಲ್ಲಿ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಜೋಸೆಫ್ ವಾಲಸೆಕ್ 1920ರಲ್ಲಿ ಈ ಉಪ್ಪಿನ ಹರಳಿಗೆ ವಿದ್ಯುತ್ ಕ್ಷೇತ್ರವನ್ನು ಒಡ್ಡಿ, ತೆಗೆದು, ತಿರುಗಿಸಿ ನೋಡಿ, ಹರಳು ಹಿಂದೆ ನಡೆದುದನ್ನು ಮರೆಯದಿರುವುದನ್ನು ಕಂಡರು. ಆದರೆ ರೋಷೆಲ್ ಉಪ್ಪು ಈ ಗುಣವನ್ನು ತೋರುವುದು ಮೈನಸ್ 18 ಡಿಗ್ರಿಯಿಂದ 24 ಡಿಗ್ರಿಯವರೆಗೆ ಮಾತ್ರ. ಅದಕ್ಕೆ ಮೇಲೊಂದು, ಕೆಳಗೊಂದು, ಹೀಗೆ ಎರಡು ಕ್ಯೂರಿ ಬಿಂದುಗಳು. ವೈಶಾಖದಲ್ಲಿ ನಲವತ್ತನ್ನು ದಾಟುವ ನಮ್ಮ ಸೊಲ್ಲಾಪುರ, ಅಕ್ಕಲಕೋಟೆಯ ಸೀಮೆಯಲ್ಲಿ ವಾಲಸೆಕ್ ಹುಟ್ಟಿದ್ದರೆ ಬೇಸಗೆಯ ಮಧ್ಯಾಹ್ನದಲ್ಲಿ ಅವರ ಹರಳು ಬರಿಯ ಉಪ್ಪಾಗಿರುತ್ತಿತ್ತು. ಮಿನೆಸೋಟದ ಚಳಿ ವಿಜ್ಞಾನಕ್ಕೆ ಮಾಡಿದ ಉಪಕಾರವೆಂದು ಇದನ್ನು ನಾನು ತಮಾಷೆಗೆ ಹೇಳುವುದುಂಟು.

ಆಮೇಲೆ ಬಂದ ವಸ್ತುಗಳ ಚರಿತ್ರೆಯನ್ನು ಅವುಗಳ ಕ್ಯೂರಿ ಬಿಂದುವಿನ ಚರಿತ್ರೆಯಾಗಿಯೇ ಓದಬಹುದು. 1935ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಗುರುತಿಸಿದ ಪೊಟ್ಯಾಸಿಯಂ ಫಾಸ್ಫೇಟ್ ಜಾತಿಯ ಹರಳಿನದು ಮೈನಸ್ 150ರ ಸುತ್ತಮುತ್ತ. ಪ್ರಯೋಗಶಾಲೆಯ ಕೌತುಕವಾಗಿ ಚೆನ್ನ, ಬಳಕೆಗೆ ಬಾರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ, ರಷ್ಯ, ಜಪಾನುಗಳಲ್ಲಿ ಒಬ್ಬರಿಗೊಬ್ಬರು ತಿಳಿಯದೆ ಕಂಡುಕೊಂಡ ಬೇರಿಯಂ ಟೈಟನೇಟಿನದು 120. ನೀರಿನಲ್ಲಿ ಕರಗದ, ಬಿಸಿಲಿಗೆ ಬೆದರದ ಮೊದಲ ಹರಳು ಇದು. ಇದನ್ನು ಗಣಕಯಂತ್ರದ ನೆನಪಾಗಿ ಬಳಸಬಹುದೆಂದು 1952ರಲ್ಲಿ ಎಂ.ಐ.ಟಿ.ಯ ಡಡ್ಲಿ ಬಕ್ ಎಂಬ ಯುವಕ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಬರೆದನು. ಬೆಲ್ ಪ್ರಯೋಗಶಾಲೆಯವರೂ ಅದೇ ಹಾದಿಯಲ್ಲಿದ್ದರು. ಯತ್ನ ಫಲಿಸಲಿಲ್ಲ. ಬೀಜ ಇಷ್ಟು ಬಲಕ್ಕೆ ಮಾತ್ರ ಹಾರಬೇಕು, ಅದಕ್ಕಿಂತ ಕಡಿಮೆಗೆ ಹಾರಕೂಡದು ಎಂಬ ಖಚಿತವಾದ ಗೆರೆ ಆ ಹರಳುಗಳಲ್ಲಿರಲಿಲ್ಲ. ಪಕ್ಕದ ಗುಳಿಯಲ್ಲಿ ಬರೆಯುವಾಗ ಈ ಗುಳಿಯ ಬೀಜವೂ ಕದಲುತ್ತಿತ್ತು. ಮತ್ತೆ ಮತ್ತೆ ಬರೆದರೆ ಹರಳು ದಣಿಯುತ್ತಿತ್ತು. ಕಾಂತೀಯ ಉಂಗುರಗಳ ಮೆಮೊರಿ ಆ ಪಂದ್ಯವನ್ನು ಗೆದ್ದಿತು.

ಫೆರೋಎಲೆಕ್ಟ್ರಿಕ್ ಮೆಮೊರಿ ಮರಳಿ ಎದ್ದುದು 1980ರ ದಶಕದಲ್ಲಿ, ದಪ್ಪ ಹರಳಿನ ಬದಲು ತೆಳುಪದರಗಳನ್ನು ಮಾಡಲು ಕಲಿತ ಮೇಲೆ. ಅಮೆರಿಕದ ರಾಮ್‌ಟ್ರಾನ್ ಕಂಪನಿ ಹೊರತಂದ ಈ ಮೆಮೊರಿಗೆ ಎಫ್‌ರಾಮ್ ಎನ್ನುತ್ತಾರೆ. ಅದರ ಜೀವಾಳ ಸೀಸ, ಜಿರ್ಕೋನಿಯಂ, ಟೈಟೇನಿಯಂಗಳ ಒಂದು ಆಕ್ಸೈಡ್, ಪಿ.ಜೆಡ್.ಟಿ. ಎಂಬುದು ಅದರ ಸಂಕ್ಷಿಪ್ತ ನಾಮ. ಬೆರಕೆಯ ಪ್ರಮಾಣಕ್ಕೆ ತಕ್ಕಂತೆ ಅದರ ಕ್ಯೂರಿ ಬಿಂದು ಬದಲಾಗುತ್ತದೆ. ಹೆಚ್ಚಾಗಿ ಬಳಸುವ ಬೆರಕೆಗಳಲ್ಲಿ ಅದು 350 ಡಿಗ್ರಿಯ ಸುತ್ತಮುತ್ತ ಇರುತ್ತದೆ. ಕರೆಂಟು ಹೋದರೂ ಉಳಿಯುವ, ಲಕ್ಷವಲ್ಲ, ಲಕ್ಷ ಕೋಟಿ ಸಲ ಬರೆದರೂ ಸವೆಯದ ಈ ಮೆಮೊರಿಯನ್ನು ವಿದ್ಯುತ್ ಮೀಟರುಗಳಲ್ಲಿ, ವಾಹನಗಳಲ್ಲಿ, ಕಾರ್ಖಾನೆಯ ಯಂತ್ರಗಳಲ್ಲಿ ಬಳಸುತ್ತಾರೆ. ಮೀಟರಿನ ಕೆಲಸವನ್ನು ಯೋಚಿಸಿ ನೋಡಿ: ಕ್ಷಣಕ್ಷಣದ ಲೆಕ್ಕವನ್ನು ಬರೆಯುತ್ತಲೇ ಇರಬೇಕು, ಲೋಡ್ ಶೆಡ್ಡಿಂಗ್ ಆದ ಕ್ಷಣದಲ್ಲಿ ಅದು ಅಳಿಯಕೂಡದು. ನಮ್ಮ ರಜಿಸ್ಟರಿನ ಚಿತ್ರಗಳು ಮಾತ್ರ ಇಂಥದರಲ್ಲಿ ಇರುವುದಿಲ್ಲ. ಎಫ್‌ರಾಮಿನ ಜಾಗ ಅಷ್ಟು ದೊಡ್ಡದಲ್ಲ. ಅವು ಹಾರ್ಡ್ ಡಿಸ್ಕಿನಲ್ಲಿ ಇರುತ್ತವೆ.

ಕ್ಯೂರಿ ಬಿಂದು 350 ಡಿಗ್ರಿಯಾದರೆ ನಮ್ಮ 45 ಡಿಗ್ರಿಯ ಬಿಸಿಲಿಗೆ ಹೆದರುವುದೇಕೆ ಎಂದು ನೀವು ಕೇಳಬಹುದು. ಇಡೀ ವಿಷಯದ ತಿರುಳು ಇಲ್ಲಿದೆ. ಮರೆವು ಕ್ಯೂರಿ ಬಿಂದುವಿನಲ್ಲಿ ಒಮ್ಮೆಗೇ ಬಂದೆರಗುವುದಿಲ್ಲ. ಬಹಳ ಮೊದಲೇ, ಸದ್ದಿಲ್ಲದೆ ಆರಂಭವಾಗಿರುತ್ತದೆ. ಕಾವು ಏರಿದಂತೆ ಧ್ರುವೀಕರಣ ಕುಗ್ಗುತ್ತದೆ, ಎಂದರೆ ಸೊನ್ನೆಗೂ ಒಂದಕ್ಕೂ ನಡುವಿನ ವ್ಯತ್ಯಾಸ ಕಿರಿದಾಗುತ್ತದೆ. ಎಫ್‌ರಾಮಿನಲ್ಲಿ ಓದುವುದೆಂದರೆ ಕತ್ತಲೆಯಲ್ಲಿ ಬೀಜವನ್ನು ಬಲಕ್ಕೆ ದೂಡಿ ನೋಡುವುದು. ಉರುಳಿದ ಸದ್ದು ಕೇಳಿದರೆ ಅದು ಎಡಕ್ಕಿತ್ತು. ಕೇಳದಿದ್ದರೆ ಮೊದಲೇ ಬಲಕ್ಕಿತ್ತು. ನೋಡಿದ ಮೇಲೆ ಅದನ್ನು ಮೊದಲಿನ ಸ್ಥಾನದಲ್ಲಿ ಮತ್ತೆ ಇಡಬೇಕು. ಕಾವಿನಲ್ಲಿ ಆ ಸದ್ದು ಕ್ಷೀಣವಾಗುತ್ತದೆ.

ಇಂಥ ಚಿಪ್ಪುಗಳನ್ನು ತಯಾರಿಸುತ್ತಿದ್ದ ಜಪಾನಿನ ಫುಜಿತ್ಸು ಕಂಪನಿಯ ಒಂದು ವಿವರಪತ್ರದಲ್ಲಿ ಮೂರು ಸಂಖ್ಯೆಗಳಿವೆ. ನೂರು ವರ್ಷ ತುಂಬಿದ ಸಂಸ್ಥೆಯವರಾದ ನಾವು ಅವನ್ನು ನಿಧಾನವಾಗಿ ಓದಬೇಕು. 85 ಡಿಗ್ರಿಯಲ್ಲಿ ಬರೆದುದು ಉಳಿಯುವುದು 10 ವರ್ಷ. 55 ಡಿಗ್ರಿಯಲ್ಲಿ 95 ವರ್ಷ. 35 ಡಿಗ್ರಿಯಲ್ಲಿ 200 ವರ್ಷಕ್ಕೂ ಮಿಗಿಲು. ಚಿಪ್ಪು ಅದೇ, ಹರಳು ಅದೇ, ಬರೆದ ಅಕ್ಷರ ಅದೇ. ನಡುವಿನ ಮೂವತ್ತು ಡಿಗ್ರಿಗಳು ಎಂಬತ್ತೈದು ವರ್ಷಗಳನ್ನು ನುಂಗಿಬಿಡುತ್ತವೆ. ಅಲುಗಾಟ ಸ್ವಲ್ಪವೇ ಹೆಚ್ಚಿದರೂ ದಿಬ್ಬವನ್ನು ಹಾರಬಲ್ಲ ಬೀಜಗಳ ಸಂಖ್ಯೆ ಹಲವು ಪಟ್ಟು ಹೆಚ್ಚುವುದರಿಂದ ಹೀಗಾಗುತ್ತದೆ. ನಮ್ಮ ಕಡೆ ಪಶ್ಚಿಮದ ಗೋಡೆಗೆ ಬಡಿದ ತಗಡಿನ ಪೆಟ್ಟಿಗೆಯೊಳಗೆ ಮಧ್ಯಾಹ್ನ ನಾಲ್ಕು ಗಂಟೆಗೆ ಕೈ ಇಟ್ಟವರಿಗೆ ಗಾಳಿಯ ತಾಪವೇ ಬೇರೆ, ಪೆಟ್ಟಿಗೆಯ ತಾಪವೇ ಬೇರೆ ಎಂಬುದು ಗೊತ್ತು. ಎಣಿಸಬೇಕಾದುದು ಪೆಟ್ಟಿಗೆಯ ತಾಪವನ್ನು.

ಇನ್ನೊಂದು ಕೇಡು ಇದಕ್ಕಿಂತ ಸೂಕ್ಷ್ಮವಾದುದು. ಬೀಜ ಒಂದೇ ಗುಳಿಯಲ್ಲಿ ಬಹುಕಾಲ ಕಾವಿನಲ್ಲಿ ಕುಳಿತರೆ ಆ ಗುಳಿಯೇ ಆಳವಾಗುತ್ತ ಹೋಗುತ್ತದೆ. ಹರಳಿನಲ್ಲಿರುವ ಸಣ್ಣಪುಟ್ಟ ದೋಷಗಳೂ ಆವೇಶಗಳೂ ಮೆಲ್ಲಮೆಲ್ಲನೆ ಸರಿದು ಆ ಸ್ಥಿತಿಗೇ ಹೊಂದಿಕೊಂಡುಬಿಡುತ್ತವೆ. ಆಗ ಇದ್ದುದು ಅಳಿಯುವುದಿಲ್ಲ, ಹೊಸದು ನಿಲ್ಲುವುದಿಲ್ಲ. ಬಲಕ್ಕೆ ದೂಡಿದರೂ ಬೀಜ ಎಡಕ್ಕೇ ಜಾರುತ್ತದೆ. ಅಚ್ಚೊತ್ತಿಕೊಳ್ಳುವುದು ಎಂದು ಇದನ್ನು ಕರೆಯಬಹುದು. ಮರೆವಿನಷ್ಟೇ ಇದೂ ನೆನಪಿನ ರೋಗವೆಂಬುದನ್ನು ನಾನು ಈ ವಿಷಯವನ್ನು ಓದುವವರೆಗೆ ಯೋಚಿಸಿರಲಿಲ್ಲ. ಚಳಿಯಲ್ಲಿ ಕಷ್ಟ ಬೇರೆ ಬಗೆಯದು: ದಿಬ್ಬ ಎತ್ತರವಾಗಿ, ಬರೆಯಲು ಹೆಚ್ಚಿನ ವೋಲ್ಟೇಜು ಬೇಕಾಗುತ್ತದೆ.

ಚಿಪ್ಪನ್ನು ಹಲಗೆಗೆ ಬೆಸುಗೆ ಹಾಕುವಾಗ ಅದು ಕೆಲವು ಕ್ಷಣ ಸುಮಾರು 260 ಡಿಗ್ರಿಯವರೆಗೆ ಕಾಯುತ್ತದೆ. ಅದಕ್ಕೆ ಮೊದಲು ಬರೆದುದು ಉಳಿಯುತ್ತದೆಂಬ ಭರವಸೆಯನ್ನು ತಯಾರಕರು ಕೊಡುವುದಿಲ್ಲ. ಬೆಸುಗೆ ಮುಗಿದ ಮೇಲೆಯೇ ಬರೆಯಿರಿ ಎನ್ನುತ್ತಾರೆ.

ಹರಳಿಗೆ ಹುಟ್ಟುವಾಗಲೂ ಕಾವು ಬೇಕು. ಪಿ.ಜೆಡ್.ಟಿ. ಪದರ ಸರಿಯಾದ ಹರಳಾಗಿ ಕೂಡಲು 600 ಡಿಗ್ರಿ ಅಥವಾ ಅದಕ್ಕೂ ಮೇಲಿನ ಕುಲುಮೆ ಬೇಕಾಗುತ್ತದೆ. ಚಿಪ್ಪಿನ ಲೋಹದ ತಂತಿಗಳಾದರೋ ಅಷ್ಟು ಕಾವನ್ನು ಸಹಿಸವು. ಹೀಗಾಗಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದೇ ಕಾರ್ಖಾನೆಯವರ ತಲೆನೋವು. ಈ ಕಾರಣಕ್ಕಾಗಿಯೇ 2011ರಲ್ಲಿ ಜರ್ಮನಿಯಿಂದ ಬಂದ ಸುದ್ದಿ ದೊಡ್ಡದೆನಿಸಿತು. ಚಿಪ್ ತಯಾರಿಕೆಯಲ್ಲಿ ಆಗಲೇ ನಿರೋಧಕವಾಗಿ ಬಳಕೆಯಲ್ಲಿದ್ದ ಹ್ಯಾಫ್ನಿಯಂ ಆಕ್ಸೈಡಿಗೆ ಚೂರು ಸಿಲಿಕಾನ್ ಬೆರೆಸಿ, ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು ತೆಳುವಾದ ಪದರ ಮಾಡಿ, ಮೇಲೊಂದು ಮುಚ್ಚಿಗೆ ಹಾಕಿ ಕಾಯಿಸಿದರೆ, ಅದು ಫೆರೋಎಲೆಕ್ಟ್ರಿಕ್ ಆಗುತ್ತದೆ! ಗಟ್ಟಿಯಾಗಿ ಇದ್ದಾಗ ಆ ಗುಣದ ಸುಳಿವೂ ಇಲ್ಲದ ವಸ್ತು ಅದು. ಜಿರ್ಕೋನಿಯಂ ಬೆರೆತ ಪದರಗಳಿಗೆ 400 ಡಿಗ್ರಿಯ ಆಸುಪಾಸಿನ ಕಾವು ಸಾಕಾಗುವುದರಿಂದ ಇಂದು ಜಗತ್ತಿನ ಅನೇಕ ಪ್ರಯೋಗಶಾಲೆಗಳು ಇದರ ಬೆನ್ನು ಹತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಫೆರೋಎಲೆಕ್ಟ್ರಿಕ್ ತೆಳುಪದರಗಳ ಮೇಲೆ ದಶಕಗಳಿಂದ ಕೆಲಸ ನಡೆದಿದೆ.

ಕ್ಯೂರಿ ಬಿಂದು ವಸ್ತುವಿನ ಹಣೆಬರಹವೇನೂ ಅಲ್ಲವೆಂಬುದು 2004ರಲ್ಲಿ ಸ್ಪಷ್ಟವಾಯಿತು. ತನಗಿಂತ ತುಸು ಬಿಗಿಯಾದ ಅಳತೆಯ ಇನ್ನೊಂದು ಹರಳಿನ ಮೇಲೆ ಬೇರಿಯಂ ಟೈಟನೇಟನ್ನು ಬೆಳೆಸಿದರು. ಕೆಳಗಿನ ಹರಳಿನ ಅಳತೆಗೆ ಹೊಂದಿಕೊಳ್ಳಲು ಅದು ಅಕ್ಕಪಕ್ಕದಿಂದ ಇರುಕಿಕೊಳ್ಳಲೇಬೇಕಾಯಿತು. ಇರುಕಿದ ಪದರದಲ್ಲಿ ಕ್ಯೂರಿ ಬಿಂದು 500 ಡಿಗ್ರಿಗಳಷ್ಟು ಮೇಲಕ್ಕೆ ಹೋಯಿತು.

ಈಚಿನದೊಂದನ್ನು ಹೇಳಿ ಮುಗಿಸುತ್ತೇನೆ. 1982ರ ಮಾರ್ಚ್ 1ರಂದು ರಷ್ಯದ ವೆನೆರಾ 13 ನೌಕೆ ಶುಕ್ರಗ್ರಹದ ಮೇಲೆ ಇಳಿದಾಗ ಅಲ್ಲಿಯ ತಾಪ 457 ಡಿಗ್ರಿ. 127 ನಿಮಿಷಗಳಲ್ಲಿ ಅದು ಮೌನವಾಯಿತು. ಅದಾದರೂ ನಿರೀಕ್ಷೆಗಿಂತ ಹೆಚ್ಚೇ. ಅಂಥಲ್ಲಿ ಪಿ.ಜೆಡ್.ಟಿ.ಯ ನೆನಪು ನಿಲ್ಲಲಾರದು. 2019ರಲ್ಲಿ ಜರ್ಮನಿಯ ಕೀಲ್ ನಗರದ ವಿಜ್ಞಾನಿಗಳು ಅಲ್ಯೂಮಿನಿಯಂ ನೈಟ್ರೈಡಿಗೆ ಸ್ಕ್ಯಾಂಡಿಯಂ ಬೆರೆಸಿದರೆ ಅದು ಫೆರೋಎಲೆಕ್ಟ್ರಿಕ್ ಆಗುವುದೆಂದು ತೋರಿಸಿದರು. 2024ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ತಂಡ ಇದರಿಂದ ಮಾಡಿದ ಮೆಮೊರಿ 600 ಡಿಗ್ರಿಯಲ್ಲಿ ಅರುವತ್ತು ಗಂಟೆಗೂ ಹೆಚ್ಚು ಕಾಲ ಬರೆದುದನ್ನು ಉಳಿಸಿಕೊಂಡಿತು. ಇದರ ಬೆಲೆಯೇನು ಗೊತ್ತೇ? ಈ ಹರಳಿನ ದಿಬ್ಬ ಬಲು ಎತ್ತರ. ಸಾಧಾರಣ ತಾಪದಲ್ಲಿ ಅದರ ಮೇಲೆ ಬರೆಯಲು ಪಿ.ಜೆಡ್.ಟಿ.ಗೆ ಬೇಕಾದುದಕ್ಕಿಂತ ಬಹಳ ಪಾಲು ಪ್ರಬಲವಾದ ಕ್ಷೇತ್ರ ಬೇಕು. 600 ಡಿಗ್ರಿಗೆ ಕಾಯಿಸಿದಾಗ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸುಲಭವಾಗಿ ಬರೆಸಿಕೊಳ್ಳುವುದು ಸುಲಭವಾಗಿ ಮರೆಯುತ್ತದೆ. ಮರೆಯದಿರುವುದು ಬರೆಸಿಕೊಳ್ಳಲು ಒಪ್ಪುವುದಿಲ್ಲ. ರೋಷೆಲ್ ಉಪ್ಪಿನಿಂದ ಇಲ್ಲಿಯವರೆಗಿನ ನೂರು ವರ್ಷಗಳ ದುಡಿಮೆಯೆಲ್ಲ ಈ ಎರಡರ ನಡುವೆ ಹದ ಹುಡುಕುವುದೇ ಆಗಿದೆ. ಸಾಧಾರಣ ಸಿಲಿಕಾನ್ ಚಿಪ್ಪು 200 ಡಿಗ್ರಿಯನ್ನು ದಾಟಿದ ಮೇಲೆ ಕೆಲಸಕ್ಕೆ ಬಾರದಾದುದರಿಂದ, ಈ ನೆನಪನ್ನು ಓದಿ ಲೆಕ್ಕ ಮಾಡಲು ಸಿಲಿಕಾನ್ ಕಾರ್ಬೈಡಿನಂಥ ಬೇರೆ ವಸ್ತುವಿನ ಮಂಡಲ ಜೊತೆಗಿರಬೇಕು. ಆ ಕೆಲಸ ನಡೆಯುತ್ತಿದೆ.

ಮಕ್ಕಳೇ, ಕಾವಿಗೆ ಹರಳು ಮಿಡಿಯುವುದನ್ನು ಕಣ್ಣಾರೆ ನೋಡಲು ಶುಕ್ರಗ್ರಹಕ್ಕೆ ಹೋಗಬೇಕಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಡಚ್ ವ್ಯಾಪಾರಿಗಳು ಸಿಂಹಳದಿಂದ ಒಯ್ದ ಟೂರ್ಮಲಿನ್ ಹರಳು ಕೆಂಡದ ಬಳಿ ಬೂದಿಯನ್ನು ತನ್ನೆಡೆಗೆ ಸೆಳೆಯುತ್ತಿತ್ತಂತೆ; ಅದಕ್ಕೆ ಅವರು ಬೂದಿ ಎಳೆಯುವ ಕಲ್ಲು ಎಂದೇ ಹೆಸರಿಟ್ಟರು. ಹಾಡುವ ಶುಭಾಶಯ ಪತ್ರದೊಳಗೆ, ಗಡಿಯಾರದ ಅಲಾರಮಿನೊಳಗೆ ಇರುವ ಹಿತ್ತಾಳೆಯ ಬಿಲ್ಲೆಯ ಮೇಲೆ ಬಿಳಿಯ ಪದರವೊಂದು ಇರುತ್ತದಲ್ಲ, ಅದು ಸಾಮಾನ್ಯವಾಗಿ ನಾನು ಹೇಳಿದ ಪಿ.ಜೆಡ್.ಟಿ.ಯೇ. ಅಂಥ ನಾಲ್ಕು ಬಿಲ್ಲೆಗಳನ್ನು ವಿಜ್ಞಾನದ ಗುರುಗಳು ಪ್ರಯೋಗಶಾಲೆಯಲ್ಲಿ ಮಲ್ಟಿಮೀಟರಿಗೆ ಜೋಡಿಸಿ ಇಟ್ಟಿದ್ದಾರೆ. ಬಲ್ಬನ್ನು ಬಿಲ್ಲೆಯ ಹತ್ತಿರ ತನ್ನಿ, ಮೀಟರು ಒಂದು ಕಡೆಗೆ ಏರುತ್ತದೆ. ದೂರ ಒಯ್ಯಿರಿ, ತಣಿಯುವಾಗ ಇನ್ನೊಂದು ಕಡೆಗೆ ಹೋಗುತ್ತದೆ. ಕಾವು ಬದಲಾಗದಂತೆ ಹಿಡಿದರೆ ಸೊನ್ನೆಗೆ ಮರಳುತ್ತದೆ. ಮನೆಯಲ್ಲಿ ಮಾಡುವವರು ಬಿಲ್ಲೆಯನ್ನು ಒಲೆಯ ಮೇಲೆ ಇಡಬಾರದು, ಪದರವನ್ನು ಕೆರೆಯಲೂಬಾರದು, ಅದರಲ್ಲಿ ಸೀಸವಿದೆ. ಎಂಟನೆಯ ಇಯತ್ತೆಯವರು ಮೊದಲು ಹೋಗಿರಿ, ಉಳಿದವರು ಸಾಲಿನಲ್ಲಿ ಬನ್ನಿ. ಪಾಲಕರೂ ಬರಬೇಕೆಂದು ವಿನಂತಿ.